ಡೈರಿ ಮುಂದಿನ ಹಂಪು

ನನ್ನ ತಮ್ಮ ತನ್ನ ಮಗಳಿಗೆ ಸ್ಪೋರ್ಟ್ಸ್ ಕಾರು ಕೊಡಿಸಿದ. ಹಳೆಯದು. ಮೊದಲನೆಯ ಮಾತನ್ನು ಊರಿಗೆಲ್ಲ ಕೇಳುವ ಹಾಗೆ, ಎರಡನೆಯದನ್ನು ಮೀಸೆಯೊಳಗೆ ಹೇಳುವುದು ಅವನ ಪದ್ಧತಿ. ನಾನು ಮಳವಳ್ಳಿಯಲ್ಲಿ ಮೇಷ್ಟರಾಗಿದ್ದು ನಿವೃತ್ತಳಾದವಳು. ಎರಡನ್ನೂ ಒಂದೇ ಗಂಟಲಿನಲ್ಲಿ ಹೇಳುವುದು ನನ್ನ ಪದ್ಧತಿ.

ಕಾರಿನ ಕಾರಣ ಹೀಗೆ. ಹುಡುಗಿ ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುತ್ತಾಳೆ. ಅವರ ಊರು ಬೆಸಗರಹಳ್ಳಿಯಿಂದಲೂ ಆಚೆ. ಬೆಳಿಗ್ಗೆ ಮದ್ದೂರಿಗೆ ಒಂದು ಬಸ್ಸು, ಅಲ್ಲಿಂದ ಮಂಡ್ಯಕ್ಕೆ ಇನ್ನೊಂದು, ಸಂಜೆ ಅದೇ ಪುರಾಣದ ಮರುಪಠಣ. ಲ್ಯಾಬು ತಡವಾದ ದಿನ ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕಾಲು ಬದಲಿಸಬೇಕು. ಎರಡು ವರ್ಷ ಹೀಗೆ ತಿರುಗಿ ಸಾಕಾಗಿ, ಮೂರನೆಯ ವರ್ಷಕ್ಕೆ ಹಾಸ್ಟೆಲ್ಲಿಗೆ ಹೋಗುತ್ತೇನೆ ಎಂದಳು. ತಮ್ಮ ಆಗುವುದಿಲ್ಲ ಎಂದ. ರಾತ್ರಿ ಮಗಳು ಎದುರಿಗೆ ಕೂತ ಮೇಲೆಯೇ ಅವನು ಮುದ್ದೆ ಮುರಿಯುವುದು. ಆ ಮನೆಯಲ್ಲಿ ಅವನ ಮಾತಿಗೆ ಎದುರಾಡುವ ಜೀವ ಅವಳೊಂದೇ. ಎದುರು ಮಾತಿಲ್ಲದೆ ಅವನಿಗೆ ತುತ್ತು ಇಳಿಯುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳಿದ್ದರೆ ಖರ್ಚಿಲ್ಲದೆ ಮುಗಿಯುತ್ತಿತ್ತೇನೋ. ಆದರೆ ಗಂಡಸರ ಗಾಂಭೀರ್ಯ ಎನ್ನುವುದೊಂದಿದೆಯಲ್ಲ, ಅದನ್ನು ಕಾಪಾಡಲು ಕಾರೇ ಬೇಕಾಯಿತು.

"ಕಾರು ತಂದು ಅಟ್ಟಿ ಬಾಗ್ಲಲ್ಲಿ ನಿಲ್ಲಿಸ್ತೀನಿ. ಅದ್ರಲ್ಲೇ ಓಗು, ಅದ್ರಲ್ಲೇ ಬಾ. ಆಸ್ಟ್ಲು ಗೀಸ್ಟ್ಲು ಮಾತು ಬುಟ್ಬುಡು," ಎಂದ, ನನ್ನೆದುರಿಗೇ.

"ಬಾಗ್ಲಿಗೆ ಬಂದು ನಿಂತ್ರೆ ಬಿಡ್ತೀನಿ. ಬರ್ದೇ ಇದ್ರೆ?"

"ಬರ್ದೇ ಇದ್ರೆ ನಿನ್ನಿಷ್ಟ ಕಣವ್ವ. ನಿಮ್ಮತ್ತೇನೇ ಸಾಕ್ಸಿ."

ಹೀಗೆ ನಾನು ಸಾಕ್ಷಿಯಾದೆ.

ಒಂದು ಸಾಮಾನ್ಯ ಕಾರು ಸಾಲದಾಗಿತ್ತೇ ಎಂದು ನೀವು ಕೇಳಬಹುದು. ಸಾಲುತ್ತಿರಲಿಲ್ಲ. ನಮ್ಮ ದಾಯಾದಿ ತನ್ನ ಮಗನಿಗೆ ಜೀಪಿನಂಥ ಭಾರೀ ಕಾರು ಕೊಡಿಸಿದ್ದ. ಹತ್ತಲು ಏಣಿ ಬೇಕು. ಎತ್ತರದಲ್ಲಿ ಅವನನ್ನು ಸೋಲಿಸಲು ಸಾಧ್ಯವಿಲ್ಲವಾದ್ದರಿಂದ ತಗ್ಗಿನಲ್ಲಿ ಸೋಲಿಸಬೇಕೆಂದು ನನ್ನ ತಮ್ಮ ದೀರ್ಘವಾಗಿ ಆಲೋಚಿಸಿ ತೀರ್ಮಾನಿಸಿದ.

"ಅಕ್ಕ, ನೀನೂ ಬಾ. ಮುಂಗಡ ನಿನ್ ಕೈಯಲ್ಲೇ ಕೊಡ್ಸಬೇಕು. ನಿಂದು ಒಳ್ಳೇ ಕೈ," ಎಂದ. ನನ್ನ ಈ ಒಳ್ಳೆಯ ಕೈಯಿಂದ ಅವನು ಹಿಂದೆ ಬೋರ್‌ವೆಲ್ಲಿಗೂ ಪೂಜೆ ಮಾಡಿಸಿದ್ದ. ಧೂಳು ಬಂತು. ಆದರೂ ಅವನ ನಂಬಿಕೆ ಅಲುಗಾಡಿಲ್ಲ.

ಸೋಮನಹಳ್ಳಿ ಕಡೆ ಹೆದ್ದಾರಿ ಪಕ್ಕ ಒಂದು ತಗಡಿನ ಶೆಡ್ಡು. ಅದರೊಳಗೆ ಹಳೆಯ ಕಾರುಗಳು ಮುಖ ತೊಳೆದುಕೊಂಡು ಹೆಣ್ಣು ನೋಡುವ ಶಾಸ್ತ್ರಕ್ಕೆ ಕೂತಂತೆ ಸಾಲಾಗಿದ್ದವು. ನಮ್ಮದು ಕೆಂಪು. ಎರಡೇ ಬಾಗಿಲು. ಬೆನ್ನ ಮೇಲೊಂದು ಹಲಗೆ.

"ಒಬ್ರು ಡಾಕ್ಟ್ರು ಇಟ್ಕೊಂಡಿದ್ರು ಅಮ್ಮ. ಭಾನುವಾರ ಮಾತ್ರ ತೆಗೀತಿದ್ರು," ಎಂದ ಮಾರುವವನು.

ನಾನು ಕೇಳಿದ ಹಳೆಯ ಕಾರುಗಳೆಲ್ಲ ಡಾಕ್ಟರುಗಳವೇ. ಈ ಸೀಮೆಯ ವೈದ್ಯರು ವಾರವೆಲ್ಲ ನಡೆದುಕೊಂಡೇ ರೋಗಿಗಳ ಬಳಿ ಹೋಗುತ್ತಾರೆಂದು ಕಾಣುತ್ತದೆ.

"ಈ ಹಲಗೆ ಯಾತಕ್ಕಪ್ಪ?"

"ಸ್ಪೀಡಲ್ಲಿ ಹೋಗೋವಾಗ ಗಾಡಿ ಮೇಲಕ್ಕೆ ಏಳಬಾರ್ದು ಅಂತ, ಅಮ್ಮ."

ನಮ್ಮೂರ ದಾರಿಯಲ್ಲಿ ಕಬ್ಬಿನ ಟ್ರಾಕ್ಟರು ಮುಂದೆ ಸಿಕ್ಕಿದರೆ ಸಾಯಂಕಾಲದವರೆಗೂ ಅದರ ಬಾಲ ನೋಡುತ್ತಾ ಹೋಗಬೇಕು. ಅಲ್ಲಿ ಹಾರಿಹೋಗುವ ಭಯವೊಂದಿತ್ತು, ಅದೂ ನಿವಾರಣೆಯಾಯಿತು. ಹಲಗೆಯ ಮೇಲೆ ಸಂಡಿಗೆ ಒಣಗಿಸಬಹುದೆಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಹಿಂದಿನ ಸೀಟು ನೋಡಬೇಕೆಂದೆ. ಮುಂದಿನದನ್ನು ಮಡಚಿ ನನ್ನನ್ನು ಒಳಗೆ ತಳ್ಳಿದರು. ಮೊಣಕಾಲು ಗಲ್ಲಕ್ಕೆ ತಾಗಿತು. ವಾಪಸ್ಸು ಬರುವಾಗ, ಕಷ್ಟದ ಹೆರಿಗೆಯಲ್ಲಿ ಕರು ಎಳೆಯುವ ಹಾಗೆ, ತಮ್ಮ ಒಂದು ಕೈ, ಮಾರುವವನು ಒಂದು ಕೈ ಹಿಡಿದು ಎಳೆದರು. ಈ ಮಧ್ಯೆ ಹುಡುಗಿ ಕುಕ್ಕರುಗಾಲಲ್ಲಿ ಕೂತು ಕಾರಿನ ಹೊಟ್ಟೆಯ ಕೆಳಗೆ ಒಮ್ಮೆ ಬಗ್ಗಿ ನೋಡಿದಳು. ಎದ್ದು ಕೈ ಒರೆಸಿಕೊಂಡು, "ಅಪ್ಪ, ಇದೇ ಇರ್ಲಿ," ಎಂದಳು. ತಮ್ಮ ನನ್ನ ಕಡೆ ನೋಡಿದ ನೋಟದಲ್ಲಿ ಚಕ್ರವರ್ತಿಗಳಿದ್ದರು. ಒಳ್ಳೆಯ ಕೈ ಮುಂದೆ ಬಂತು, ಮುಂಗಡ ಕೊಟ್ಟಿತು.

ಈಗ ಆ ಹಂಪಿನ ವಿಚಾರ ಹೇಳಬೇಕು.

ಕೆಲವು ವರ್ಷದ ಹಿಂದೆ ಊರೊಳಗೆ ಹಾಲಿನ ಡೈರಿ ಮುಂದೆ ಒಂದು ಖಾಸಗಿ ಬಸ್ಸು ತಮ್ಮನ ಕಡಸಿಗೆ ಗುದ್ದಿತು. ಕಡಸು ಅಲ್ಲೇ ಹೋಯಿತು. ತಮ್ಮ ರಸ್ತೆಗೆ ಅಡ್ಡ ಮಲಗಿದ. ಪೊಲೀಸರು ಬಂದರು, ಪಂಚಾಯ್ತಿಯವರು ಬಂದರು, ಹಂಪು ಹಾಕುತ್ತೇವೆ ಏಳಪ್ಪ ಎಂದರು. ಸರ್ಕಾರದ ಅಳತೆ ಅವನಿಗೆ ಒಪ್ಪಿಗೆಯಾಗಲಿಲ್ಲ. ತಾನೇ ನಿಂತು ಜಲ್ಲಿ ಸಿಮೆಂಟು ಸುರಿಸಿದ. ಆದದ್ದು ಹಂಪಲ್ಲ, ಗೋರಿ. ಊರವರು ಇವತ್ತಿಗೂ ಅದನ್ನು ಕಡಸಿನ ಗುಡ್ಡೆ ಎನ್ನುತ್ತಾರೆ. ಬಸ್ಸುಗಳು ಅದರ ಮುಂದೆ ನಿಂತು, ಬಗ್ಗಿ, ನರಳಿ ದಾಟುತ್ತವೆ. ಡೈರಿ ಜಗುಲಿಯ ಮೇಲೆ ಕೂತ ತಮ್ಮನಿಗೆ ಡ್ರೈವರುಗಳು ಕೈ ಎತ್ತಿ ಹೋಗುತ್ತಾರೆ. ಅವನ ಜೀವಮಾನದ ಸಾಧನೆ ಅದೊಂದೇ, ಮತ್ತು ಅದು ಅವನ ಮನೆಗೆ ಹೋಗುವ ಒಂದೇ ದಾರಿಯಲ್ಲಿದೆ.

ಕಾರು ಬಂದದ್ದು ಸಂಜೆ ಹಾಲು ಅಳೆಯುವ ಹೊತ್ತಿಗೆ. ಹುಡುಗಿ ಓಡಿಸುತ್ತಿದ್ದಳು, ತಮ್ಮ ಪಕ್ಕದಲ್ಲಿ ಕಿಟಕಿಯಿಂದ ಮೊಣಕೈ ಹೊರಗಿಟ್ಟು ಕೂತಿದ್ದ. ನಾನು ಹಿಂದೆ ಬಸ್ಸಿನಲ್ಲಿ ಬಂದೆ. ಆ ಸೀಟಿಗೆ ಮತ್ತೆ ಹೋಗುವ ಧೈರ್ಯವಿರಲಿಲ್ಲ. ಡೈರಿ ಹತ್ತಿರ ಬಸ್ಸು ನಿಂತಿತು, ಮುಂದಕ್ಕೆ ಹೋಗಲಿಲ್ಲ. ಇಳಿದು ನೋಡಿದರೆ ಕೆಂಪು ಕಾರು ಗುಡ್ಡೆಯ ಮೇಲೆ ಹೊಟ್ಟೆ ಊರಿ ಕೂತಿದೆ, ಕಲ್ಲಿನ ಮೇಲೆ ಇಟ್ಟ ಆಮೆಯ ಹಾಗೆ. ಹಾಲಿನ ಕ್ಯಾನು ಹಿಡಿದ ಊರು ಸುತ್ತ ನಿಂತಿದೆ.

"ಏನಣ್ಣೋ, ನಿನ್ ಕೆಂಪಮ್ಮ ಮಲಗ್ಬುಟ್ಲಲ್ಲ!"

"ಒಟ್ಟೆ ಉಬ್ಬರ ಬಂದದೇನೋ, ಒಸಿ ಓಮಿನ ಕಸಾಯ ಕುಡ್ಸಿ ನೋಡ್ಲಾ."

"ಸುಮ್ಕಿರ್ರೋ! ಇಡೀರಿ, ಎತ್ತವ," ಎಂದ ತಮ್ಮ. ಎತ್ತಿದರು, ಆದರೆ ಹಿಂದಕ್ಕೆ. ಚಕ್ರದ ಕೆಳಗೆ ಮರದ ಹಲಗೆ ಕೊಟ್ಟು ನೋಡಿದರು, ಅದು ಮುರಿಯಿತು. ಓರೆಯಾಗಿ ಬಿಟ್ಟು ನೋಡಿದರು, ಕೆಳಗಿನಿಂದ ಏನೋ ಒಂದು ಕಿತ್ತುಬಂತು. ಮನೆ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ಕಾದು ಕಾದು, ತಮ್ಮನ ಹೆಂಡತಿ ಕೊನೆಗೆ ತಟ್ಟೆ ಸಮೇತ ಡೈರಿಗೇ ಬಂದಳು. ದೇವರೇ ನಡೆದು ಭಕ್ತರ ಬಳಿಗೆ ಬಂದ ಹಾಗಾಯಿತು.

"ಈ ಗುಡ್ಡೇನ ಒಸಿ ಕೆತ್ತುದ್ರೆ ಆಯ್ತದೆ," ಎಂದ ತಮ್ಮ, ಯಾರಿಗೂ ಅಲ್ಲದ ಹಾಗೆ.

ಹಾಲು ಹಾಕಲು ಬಂದಿದ್ದ ಮುದುಕಿಯೊಬ್ಬಳು ಕ್ಯಾನು ಕೆಳಗಿಟ್ಟಳು. "ಯಾಕ್ಲಾ ಮಗ, ಅಡ್ಡ ಮಲೀಕಂಡು ಆಕ್ಸಿದ್ದು ನೀನೇ ಅಲ್ವಾ? ನಮ್ ಎಮ್ಮೆ ಕರ ಅದ್ರಿಂದ ಉಳ್ಕಂಡವೆ. ಕೆತ್ತೋದಾದ್ರೆ ನೀನೇ ಕೆತ್ತು. ನಾವು ಯಾರೂ ಮುಟ್ಟಾಕಿಲ್ಲ."

ಮಾರನೆಯ ಬೆಳಿಗ್ಗೆ ತಮ್ಮ ಹಾರೆ ಹಿಡಿದು ಹೊರಟ. ನಾವು ಹಿಂದೆ ಹೋದೆವು. ಕಾರು ಆಚೆ ಕಡೆ ನಿಂತಿತ್ತು. ಹುಡುಗಿ ಕಾಲೇಜಿನ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದು ಹತ್ತಿರ ನಿಂತಳು.

"ಒಡಿ ಅಪ್ಪ. ಒಡ್ದು ಕಾರು ಬಾಗ್ಲಿಗೆ ತಂದ್ರೆ ನಾನು ಎಲ್ಲಿಗೂ ಹೋಗಲ್ಲ. ಮಾತು ಅಂದ್ರೆ ಮಾತು."

ಕುಹಕವಿರಲಿಲ್ಲ ಆ ದನಿಯಲ್ಲಿ. ಶೆಡ್ಡಿನಲ್ಲಿ ಕುಕ್ಕರುಗಾಲಲ್ಲಿ ಕೂತು ಈ ಗುಡ್ಡೆಗೆ ಕಾರಿನ ಹೊಟ್ಟೆಯ ಅಳತೆ ನೋಡಿದವಳೇ ಇವಳು. ಆದರೂ ಆ ಕ್ಷಣ ಅಪ್ಪ ಒಡೆಯಲಿ ಎಂದೇ ಅವಳಿಗಿತ್ತೋ ಏನೋ. ತಮ್ಮ ಹಾರೆ ಎತ್ತಿದ.

ಅಷ್ಟರಲ್ಲಿ ಮದ್ದೂರು ಬಸ್ಸು ಬಂತು. ನಿಂತಿತು, ಬಗ್ಗಿತು, ನರಳಿತು. ಡ್ರೈವರು ತಲೆ ಹೊರಗೆ ಹಾಕಿ, "ಏನಣ್ಣ, ಇನ್ನೂ ಎತ್ರ ಮಾಡ್ಸೀಯಾ? ಮಾಡ್ಸು ಬುಡು, ನಮ್ ಬಸ್ಸು ನಿಂಗೆ ಬಗ್ಗೋದು ಕಲ್ತದೆ!" ಎಂದು ಕೈ ಎತ್ತಿದ.

ಕೈ ಎತ್ತಿದವನಿಗೆ ಕೈ ಎತ್ತಬೇಕಲ್ಲ. ತಮ್ಮ ಹಾರೆ ಕೆಳಗಿಟ್ಟು ಕೈ ಎತ್ತಿದ. ಕೆಳಗಿಟ್ಟ ಹಾರೆಯನ್ನು ಮತ್ತೆ ಎತ್ತಲಿಲ್ಲ. ಗುಡ್ಡೆಯನ್ನೇ ನೋಡುತ್ತಾ ನಿಂತಿದ್ದ. ಕಡಸು ನೆನಪಾಗಿರಬೇಕು ಎಂದಳು ಅವನ ಹೆಂಡತಿ. ಅವಳು ಒಳ್ಳೆಯವಳು. ನನ್ನ ಕಣ್ಣಿಗೆ ಕಂಡದ್ದು ಬೇರೆ: ಒಂದು ಕಡೆ ಮಗಳು, ಒಂದು ಕಡೆ ಬಸ್ಸು ಡ್ರೈವರನ ಸಲಾಮು; ನಮ್ಮ ಕುಲದ ಗಂಡಸು ತೂಗಿ ನೋಡಿ ಸಲಾಮು ಆರಿಸಿಕೊಂಡ.

ಹುಡುಗಿ ಒಂದು ಗಳಿಗೆ ಕಾದಳು. ಆಮೇಲೆ ಹೋಗಿ ಅದೇ ಬಸ್ಸು ಹತ್ತಿದಳು. ಮುಂದಿನ ವಾರ ಹಾಸ್ಟೆಲ್ಲಿಗೆ ಹೋದಳು.

ಕಾರು ಈಗ ಮದ್ದೂರಿನಲ್ಲಿ, ನೆಂಟರೊಬ್ಬರ ಅಕ್ಕಿ ಗಿರಣಿಯಲ್ಲಿ, ತೌಡಿನ ಚೀಲಗಳ ಪಕ್ಕ ವಾಸವಾಗಿದೆ. ಭಾನುವಾರ ತಮ್ಮ ಬಸ್ಸಿನಲ್ಲಿ ಮದ್ದೂರಿಗೆ ಹೋಗಿ, ಅದರ ಮೇಲಿನ ತೌಡು ಒರೆಸಿ, ಹೆದ್ದಾರಿ ಹಿಡಿದು ಮಂಡ್ಯಕ್ಕೆ ಹೋಗುತ್ತಾನೆ. ಡಾಕ್ಟರು ಹಾಕಿಕೊಟ್ಟ ಭಾನುವಾರದ ಸಂಪ್ರದಾಯಕ್ಕೆ ಭಂಗ ಬಂದಿಲ್ಲ. ಹೋದ ವಾರ ನನ್ನನ್ನೂ ಎಳೆದುಕೊಂಡು ಹೋದ. ಮುಂದಿನ ಸೀಟು ಮಗಳಿಗೆ ಮೀಸಲಾದ್ದರಿಂದ ನಾನು ಆ ಹಿಂದಿನ ಗೂಡಿನಲ್ಲಿ, ಗಲ್ಲಕ್ಕೆ ಮೊಣಕಾಲು ಕೊಟ್ಟು, ಉಪ್ಸಾರಿನ ಪಾತ್ರೆ ತಬ್ಬಿಕೊಂಡು ಕೂತಿದ್ದೆ. ಹಾಸ್ಟೆಲ್ಲಿನ ಗೇಟಿಗೂ ಒಂದು ಹಂಪಿದೆ. ಕಾರು ಹೊರಗೇ ಹೊಂಗೆ ಮರದ ಕೆಳಗೆ ನಿಂತಿತು. ಹುಡುಗಿ ಬಂದು ಮುಂದೆ ಕೂತಳು. ಅಪ್ಪ ಮಗಳು ಸ್ಟೀರಿಂಗು ಮತ್ತು ಗೇರಿನ ನಡುವೆ ತಟ್ಟೆ ಇಟ್ಟುಕೊಂಡು ಮುದ್ದೆ ಮುರಿದರು.

"ಉಪ್ಸಾರಿಗೆ ಖಾರ ಸಾಲ್ದು," ಎಂದಳು ಅವಳು.

"ನಿಂಗೇನ್ ಗೊತ್ತು? ಸರ್ಯಾಗದೆ," ಎಂದ ಅವನು.

"ಸಾಲ್ದು ಅಂದ್ರೆ ಸಾಲ್ದು ಕಣಪ್ಪ."

ಅವನಿಗೆ ತುತ್ತು ಸರಾಗವಾಗಿ ಇಳಿಯತೊಡಗಿತು. ಎರಡನೆಯ ಮುದ್ದೆಗೆ ಕೈ ಹಿಂದಕ್ಕೆ ಚಾಚಿ, "ಅಕ್ಕ, ಇನ್ನೊಂದ್ ಕೊಡು. ನಿಂದು ಒಳ್ಳೇ ಕೈ," ಎಂದ. ಕೊಟ್ಟೆ. ಮೊದಲು ನನ್ನನ್ನು ಇದರಿಂದ ಈಚೆಗೆ ಎಳೆಯಿರೋ ಎಂದರೆ, ಇಬ್ಬರಿಗೂ ಕೇಳಿಸಲಿಲ್ಲ.