ಗುರುವಾರದ ಉಪ್ಪು

ಹಿರೇಗುತ್ತಿಯ ಹತ್ತಿರ, ಹೊಳೆಯ ಉಪ್ಪುನೀರು ಆಗಾಗ ನುಗ್ಗುವ ಗಜನಿ ಗದ್ದೆಯಲ್ಲಿ ಮಣ್ಣಿನ ತೇವ ಮತ್ತು ಉಪ್ಪು ಅಳೆಯುವ ಯಂತ್ರವೊಂದನ್ನು ಹೂತಿದ್ದೆ. ಅಳತೆ ನೇರ ನನ್ನ ಮೊಬೈಲಿಗೆ ಬರುತ್ತಿತ್ತು. ಏನಾದರೂ ಕೆಟ್ಟರೆ ಮಾತ್ರ ಕುಮಟೆಯ ಬಾಡಿಗೆ ಕೋಣೆಯಿಂದ ಹೋಗಿ ನೋಡಬೇಕು. ಕುಮಟೆಗೆ ನಾನು ಹೊಸಬ, ಗುರುತಿನವರು ಯಾರೂ ಇರಲಿಲ್ಲ.

ನಾಲ್ಕು ವಾರ ಪ್ರತಿ ಗುರುವಾರ ಉಪ್ಪಿನ ಅಂಕಿ ಒಮ್ಮೆಲೇ ಏರಿತು. ಓಡಿಹೋದರೆ ಯಂತ್ರ ಸರಿಯಾಗಿಯೇ ಇರುತ್ತಿತ್ತು. ಗದ್ದೆಗೆ ನೀರು ಬಿಡುವ ಬಾಗಿಲು ಕಾಯುವ ಮಾದೇವಣ್ಣ ಮಾತ್ರ ಚಾ ಕಾಸಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದ; ನನಗೂ ಒಂದು ಲೋಟ ಕೊಡುತ್ತಿದ್ದ. ಒಂಟಿ ಮನುಷ್ಯ. ಅವನ ಗುಡಿಸಲಿನ ಸುತ್ತ ಬೇರೆ ಮನೆಯೇ ಇಲ್ಲ.

ಐದನೆಯ ಗುರುವಾರ ಅಂಕಿ ಏರುವ ಮೊದಲೇ ಹೋದೆ. ಮಾದೇವಣ್ಣ ಕೊಡದಲ್ಲಿ ಹೊಳೆನೀರು ತಂದು ಯಂತ್ರದ ಬುಡಕ್ಕೆ ಸುರಿಯುತ್ತಿದ್ದ.

“ಇದೆಂತ ಮಾದೇವಣ್ಣ?”

ಅವನು ಕೊಡ ಕೆಳಗಿಟ್ಟ. “ಅಂಕಿ ಸರಿ ಇದ್ರೆ ನೀವು ಬರೂದಿಲ್ಲಲ್ಲ ಸರ್.”

“ನನ್ನ ಕೆಲಸವೇ ಹೋಗ್ತಿತ್ತು!” ಎಂದು ರೇಗಿದೆ.

“ತಪ್ಪಾತು. ಇನ್ನು ಹಾಕೂದಿಲ್ಲ. ಚಾ ಆದ್ರೂ ಕುಡ್ದು ಹೋಗಿ.”

ಕಟ್ಟೆಯ ಮೇಲೆ ಅವನ ಪಕ್ಕ ಕೂತು ಚಾ ಕುಡಿದೆ. ಆ ನಾಲ್ಕು ಗುರುವಾರ ಬಿಟ್ಟರೆ ಇಡೀ ತಿಂಗಳು ನಾನೂ ಯಾರ ಜೊತೆಗೂ ಕೂತು ಚಾ ಕುಡಿದಿರಲಿಲ್ಲ ಎಂಬುದು ಆಗ ಹೊಳೆಯಿತು.

ಕೆಟ್ಟ ಅಂಕಿಗಳನ್ನು ತೆಗೆದುಹಾಕಿ, ವರದಿಯ ಕೊನೆಗೆ ‘ವಾರಕ್ಕೊಮ್ಮೆ ಖುದ್ದು ಭೇಟಿ ಅಗತ್ಯ’ ಎಂದು ಬರೆದೆ. ಕಚೇರಿ ಒಪ್ಪಿತು. ಯಾರಿಗೆ ಅಗತ್ಯ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಯಂತ್ರಕ್ಕೆ ಎಂದು ಸುಳ್ಳು ಹೇಳಬೇಕಾಗುತ್ತಿತ್ತು.