ಮಾಳಿಗೆಯ ಮೇಲಿನ ಬಿಸಿನೀರು

ನಮ್ಮ ಮನೆಯವರು ಕುವೈತಿನಲ್ಲಿ ಪ್ಲಂಬರ್ ಆಗಿದ್ದರು. ಆಮೇಲೆ ಅವರ ಕಂಪನಿ ಅವರನ್ನು ಜೋರ್ಡಾನಿಗೆ ಕಳಿಸಿತು. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅಲ್ಲಿಯ ಕೆಲಸವೂ ಮುಗಿದು ರಾಣೆಬೆನ್ನೂರಿಗೆ ವಾಪಸ್ ಬಂದರು. ಊಟಕ್ಕೆ ಕೂತಾಗಲೆಲ್ಲ ಆ ಎರಡು ದೇಶಗಳದೇ ಮಾತು.

"ಕುವೈತಿನ್ಯಾಗ ಖಾಲಿ ಖೋಲಿಗೂ ಎಸಿ ಹಚ್ಚಿಟ್ಟಿರ್ತಾರ. ಕುಡಿಯೋ ನೀರು ಸೈತ ನೆಲದಾಗಿನ ಎಣ್ಣಿ ಸುಟ್ಟು ಸಮುದ್ರದ ಉಪ್ಪುನೀರಿನಿಂದ ತೆಗೀತಾರ. ಜೋರ್ಡಾನಿನ್ಯಾಗ ಎಣ್ಣಿ ಇಲ್ಲ, ಕೊಂಡು ತರಬೇಕು. ಅದಕ್ಕ ಅಲ್ಲಿ ಮಾಳಿಗಿ ಮ್ಯಾಲೆ ಕರಿ ಪೆಟ್ಟಿಗಿ ಇಟ್ಟು ಬಿಸಿಲಿಗೆ ನೀರು ಕಾಸ್ಕೊತಾರ. ಅಂಥಾವು ನಾನ ಎಷ್ಟೋ ಕೂಡಿಸೇನಿ."

ನಾನು ರೊಟ್ಟಿ ಬಡಿಯುತ್ತ ಹ್ಞೂಂ ಅನ್ನುತ್ತಿದ್ದೆ. ಅರ್ಧ ದಿನ ರೇಷನ್ ಅಂಗಡಿಯ ಮುಂದೆ ಚಿಮಣಿ ಎಣ್ಣೆಯ ಸರದಿಯಲ್ಲಿ ನಿಂತು ಬಂದ ಮೇಲೆ, ಕುವೈತಿನವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನ್ನಲ್ಲಿ ತ್ರಾಣ ಇರುತ್ತಿರಲಿಲ್ಲ.

ನಮ್ಮ ಅತ್ತೆಗೆ ಮೊಣಕಾಲು ನೋವು. ಎರಡು ಹೊತ್ತೂ ಬಿಸಿನೀರು ಬೇಕು. ಬಚ್ಚಲ ಒಲೆಗೆ ಹತ್ತಿಕಟ್ಟಿಗೆ ತುರುಕಿ ತುರುಕಿ ನನ್ನ ಕಣ್ಣುಗಳು ಯಾವಾಗಲೂ ಕೆಂಪಗಿರುತ್ತಿದ್ದವು. ಅದನ್ನು ನೋಡಿಯೇ ಇವರು ಒಂದು ದಿನ ಗುಜರಿ ಅಂಗಡಿಯಿಂದ ಡ್ರಮ್ಮು, ತಗಡು, ಹಳೇ ಪೈಪು ಹೊತ್ತು ತಂದರು. ಬ್ಯಾಡಗಿಯಿಂದ ಗಾಜು ಬಂತು. ಎಲ್ಲ ಸೇರಿಸಿ ನಮ್ಮ ಮಾಳಿಗೆಯ ಮೇಲೆ ಅಂಥದೇ ಪೆಟ್ಟಿಗೆ ಕೂಡಿಸಿದರು.

"ಬ್ಯಾಡಗಿ ಮಂದಿ ಬಿಸಿಲಿಗೆ ಮೆಣಸಿನಕಾಯಿ ಒಣಗಸ್ತಾರ, ನಾ ನೀರು ಕಾಸ್ತೀನಿ," ಅಂದರು. ಬಹಳ ದಿನಗಳ ಮೇಲೆ ಅವರ ಮುಖದಲ್ಲಿ ನಗು ಕಂಡಿದ್ದೆ.

ನೀರು ಖರೇನೇ ಕಾಯಿತು. ಕೈ ಇಟ್ಟರೆ ಚುರ್ ಅನ್ನುವಷ್ಟು. ಓಣಿಯವರು ಬಂದು ನೋಡಿದರು, ಗುತ್ತಲದಿಂದ ಇವರ ಚಿಕ್ಕಪ್ಪ ಬಂದು ಬೆನ್ನು ತಟ್ಟಿ ಹೋದರು. ಆದರೆ ನಮ್ಮ ನಲ್ಲಿ ಅಂಗಳದಲ್ಲಿತ್ತು. ನೀರು ಸಣ್ಣಗೆ ಬರುತ್ತಿತ್ತು, ಮೇಲೆ ಏರುತ್ತಿರಲಿಲ್ಲ. ಕೊಡ ಹೊತ್ತು ಆ ಕಡಿದಾದ ಮೆಟ್ಟಿಲು ಹತ್ತಿ ಡ್ರಮ್ಮು ತುಂಬಿಸುವವಳು ನಾನು. ಕಣ್ಣಿನ ಉರಿ ಹೋಗಿ ಸೊಂಟದ ನೋವು ಬಂತು.

ಒಂದು ಮುಂಜಾನೆ ನಡು ಮೆಟ್ಟಿಲ ಮೇಲೆ ಕೊಡ ಇಳಿಸಿ ಕೂತುಬಿಟ್ಟೆ.

ಇವರು ಕೆಳಗೆ ನಿಂತು, "ಯಾಕ ಕುಂತಿ?" ಅಂದರು.

"ಸಾಕಾಗೇತ್ರಿ."

"ಒಂದು ಪಂಪ್ ಕೂಡಿಸಿದ್ರ ಆತು."

"ನೀರು ಬರೂ ಹೊತ್ತಿಗೆ ಕರೆಂಟ್ ಎಲ್ಲಿರ್ತೈತಿ? ಜೋರ್ಡಾನಿನ್ಯಾಗ ಮ್ಯಾಲಕ್ಕ ನೀರು ಯಾರು ಒಯ್ತಿದ್ರು?"

"ಪೈಪಿನ್ಯಾಗ ತಾನ ಏರ್ತಿತ್ತು."

"ಇಲ್ಲಿ ನಾ ಏರಾಕತ್ತೇನಿ."

ಅವರು ಮೆಟ್ಟಿಲು ಹತ್ತಿ ಬಂದರು. ನನ್ನ ಪಕ್ಕದಿಂದ ಕೊಡ ಎತ್ತಿಕೊಂಡು ಮೇಲೆ ಹೋದರು. ಅಂದು ಡ್ರಮ್ಮು ಪೂರ್ತಿ ಅವರೇ ತುಂಬಿಸಿದರು. ಇಳಿದು ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು, ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತರು.

ಮರುದಿನ ಗೆಳೆಯನೊಬ್ಬನನ್ನು ಕರೆದು ಎಲ್ಲವನ್ನೂ ಬಿಚ್ಚಿ ಅಂಗಳಕ್ಕೆ ಇಳಿಸಿದರು. ಅಲ್ಲಿ ಪಕ್ಕದ ಮನೆಯ ಬೇವಿನ ಮರದ ನೆರಳು ಮಧ್ಯಾಹ್ನದವರೆಗೂ ಸರಿಯುತ್ತಿರಲಿಲ್ಲ. ನೀರು ಉಗುರು ಬೆಚ್ಚಗಷ್ಟೇ ಆಗುತ್ತಿತ್ತು. ಇವರಿಗೆ ಅದು ಸೋತ ಹಾಗೆ ಕಂಡಿತು. ಗೆಳೆಯರ ಮುಂದೆ ಅದರ ಸುದ್ದಿ ಎತ್ತುವುದನ್ನೇ ಬಿಟ್ಟರು. ನನಗೆ ಮಾತ್ರ ನೀರು ಅಷ್ಟು ಬೆಚ್ಚಗಾದರೆ ಸಾಕಿತ್ತು. ಆ ನೀರನ್ನು ಹಂಡೆಗೆ ಸುರಿದು ಎರಡು ಹಿಡಿ ಕಟ್ಟಿಗೆ ಹಾಕಿದರೆ ಅತ್ತೆಯ ಕಾಲಿಗೆ ಬೇಕಾದಷ್ಟು ಕಾಯುತ್ತಿತ್ತು.

ಅತ್ತೆ ತೀರಿಕೊಂಡ ಮೇಲೆ ಒಂದು ಮಳೆಗಾಲದಲ್ಲಿ ಪೆಟ್ಟಿಗೆಯ ಗಾಜು ಒಡೆಯಿತು. ಆ ಹೊತ್ತಿಗೆ ಇವರು ಹಾವೇರಿಗೆ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿ ದಣಿದು ಬರುತ್ತಿದ್ದರು.

"ಹೊಸಾದು ಹಾಕೋಣಂತ," ಅಂದರು.

"ಹಾಕೋಣಂತ್ರಿ," ಅಂದೆ. ಇಬ್ಬರೂ ಮತ್ತೆ ಆ ಮಾತು ತೆಗೆಯಲಿಲ್ಲ.