ಸೂರ್ಯನನ್ನು ಕಾಯಿಸಿದ ಐಸ್‌ಮನೆಯ ತರಾಯ್ವಿನಿ

ವುನಿಮೋಲಿ ಎಂಬ ಬೆಸ್ತರ ಊರಿನ ಐಸ್‌ಮನೆ ನೋಡಿಕೊಳ್ಳುವ ತರಾಯ್ವಿನಿ ಒಂದು ಬೆಳಗ್ಗೆ ಸೂರ್ಯನನ್ನೇ ಸಮುದ್ರದೊಳಗೆ ಕಾಯಿಸಿ ಕೂರಿಸಿದ್ದರು. ಕೊನೆಯ ದೋಣಿಗೆ ಐಸ್ ತುಂಬುವವರೆಗೂ ಅವನು ಕತ್ತೆತ್ತಲಿಲ್ಲ. 'ಸರಿ, ಬಾ' ಎಂದು ಅವರು ಕೈಸನ್ನೆ ಮಾಡಿದ ಮೇಲೆಯೇ ಎದ್ದು ಬಂದ, ಅದೂ ಮೈಯೆಲ್ಲ ನೀರು ಸುರಿಸಿಕೊಂಡು. ಊರಿಗೆ ಊರೇ ಇದನ್ನು ಕಂಡಿದೆ. ಒಂದಕ್ಕೆ ಎರಡು ಸೇರಿಸಿ ಬರೆಯುವ ಅಭ್ಯಾಸ ಫಿಜಿಯ ಬೇರೆ ಬರಹಗಾರರಿಗೆ ಇರಬಹುದು, ಈ ಪುಟಕ್ಕಿಲ್ಲ.

ಇವತ್ತೂ ಅದೇ ಹೊತ್ತು. ಕತ್ತಲು ಇನ್ನೂ ತೆಂಗಿನ ಗರಿಗಳಲ್ಲಿ ಸಿಕ್ಕಿಕೊಂಡಿದೆ. ದೂರದ ಹವಳದ ದಿಬ್ಬದ ಮೇಲೆ ಅಲೆಗಳು ನಿದ್ದೆಯಲ್ಲಿ ಉಸಿರಾಡುತ್ತಿವೆ. ತರಾಯ್ವಿನಿ ಐಸ್‌ಮನೆಯ ಬಾಗಿಲು ಎಳೆಯುತ್ತಾರೆ. ಒಳಗಿನ ಬಿಳಿ ಹೊಗೆ ಅವರ ಪಾದ ತಬ್ಬಿ, ಮೆಟ್ಟಿಲಿಳಿದು, ಮರಳ ಮೇಲೆ ತೆವಳಿ, ನೀರಿನ ಮೇಲೆ ಹಾಸಿಕೊಳ್ಳುತ್ತದೆ. ಈಗ ದೋಣಿಗಳು ಸಮುದ್ರದಲ್ಲಿಲ್ಲ, ಮೋಡದಲ್ಲಿವೆ. ಈ ಹೊಗೆಯಲ್ಲಿ ಹೆಜ್ಜೆ ತಪ್ಪಿದವರು ಪಕ್ಕದ ದ್ವೀಪದಲ್ಲಿ ಕಣ್ಣು ಬಿಟ್ಟದ್ದುಂಟು.

"ಐಸು ಗಟ್ಟಿಯಾಗೋವಾಗ ಒಂದು ಸದ್ದು ಬರುತ್ತೆ," ಎನ್ನುತ್ತಾರೆ ಅವರು, ಸಲಿಕೆ ಕೈಗೆತ್ತಿಕೊಳ್ಳುತ್ತ. "ಮಗು ನಿದ್ದೇಲಿ ಹಲ್ಲು ಕಡಿಯೋ ಹಾಗೆ. ಆ ಸದ್ದು ನಿಂತ್ರೆ ಮನೇಲಿ ಮಲಗಿದ್ರೂ ನಂಗೆ ಎಚ್ಚರ ಆಗೋಗುತ್ತೆ."

ಐಸಿಗೆ ಕಾದ ಬೆಸ್ತರ ಸಾಲಿನ ಮುಂದೆ ನಿಂತವನು ವಿಲಿಕೇಸ, ಊರಿನ ಅತಿದೊಡ್ಡ ದೋಣಿಗೂ ಅತಿದೊಡ್ಡ ಹೊಟ್ಟೆಗೂ ಯಜಮಾನ. ಆ ಹೊಟ್ಟೆಯ ನೆರಳಿನಲ್ಲಿ ಎರಡು ಸಂಸಾರ ಬಲೆ ಹೆಣೆಯಬಹುದು.

"ಏನಕ್ಕಾ, ಇವತ್ತು ಐಸಿಗಿಂತ ನಿನ್ ಮುಖಾನೇ ತಣ್ಣಗಿದೆ? ಗಂಡ ರಾತ್ರಿ ಹೊರಗಡೆ ಮಲಗಿಸಿದ್ನಾ?"

"ನಿನ್ ಮುಖ ಕಂಡ್ರೆ ಮೀನು ತಾನಾಗೇ ಸತ್ತು ತೇಲುತ್ತೆ. ನಿಂಗ್ಯಾಕೋ ಬಲೆ? ಹಂದಿ, ಪೆಟ್ಟಿಗೆ ಹಿಡಿ!"

ಸಾಲಿಗೆ ಸಾಲೇ ನಗುತ್ತದೆ. ಯಾರಿಗೂ ಬೇಜಾರಿಲ್ಲ. ತರಾಯ್ವಿನಿ ಹುಟ್ಟಿದ ದ್ವೀಪಕ್ಕೂ ಈ ಊರಿಗೂ ಮೂಲದೈವಗಳ ಕಾಲದಿಂದ ತೌವು ಸಂಬಂಧ. ತೌವುಗಳು ಒಬ್ಬರನ್ನೊಬ್ಬರು ಬೈದರೆ ಅದು ಪ್ರೀತಿ. ಒಬ್ಬರದನ್ನು ಇನ್ನೊಬ್ಬರು ಕೇಳದೆ ಎತ್ತಿಕೊಂಡರೆ ಅದು ಹಕ್ಕು.

ಅವರು ಮ್ಯಾನೇಜರ್ ಆದದ್ದೂ ಈ ಸಂಬಂಧದಿಂದಲೇ. ಐಸ್‌ಮನೆ ಊರಿನ ಹೆಂಗಸರ ಸಂಘದ್ದು. ಹಿಂದೆ ನೋಡಿಕೊಳ್ಳುತ್ತಿದ್ದವರು ಬಲು ಒಳ್ಳೆಯವರು, ನೆಂಟರು ಕೈಯೊಡ್ಡಿದರೆ ಇಲ್ಲ ಎನ್ನಲಾರರು. ಊರಿನಲ್ಲಿ ನೆಂಟರಲ್ಲದವರೇ ಇಲ್ಲ. ಹಾಗಾಗಿ ಐಸೆಲ್ಲ ಮದುವೆಯ ಶರಬತ್ತಿಗೆ ಹೋಗಿ, ಮೀನು ಬಿಸಿಲಿನಲ್ಲಿ ನಾರುತ್ತಿತ್ತು. ಆಗ ಸಂಘದ ಹಿರಿಯೆ ಲೊಸಾಲಿನಿ ಹೇಳಿದರಂತೆ: "ನಮ್ಮಲ್ಲಿ ಯಾರಿಗೂ 'ಹೋಗಾಚೆ' ಅನ್ನೋಕೆ ಬಾಯಿಲ್ಲ. ಆ ಬಾಯಿ ಇರೋದು ಒಬ್ಳಿಗೇ. ಅವಳ್ನೇ ಕೂರಿಸಿ."

ಆದರೆ ತೌವು ಹಕ್ಕಿಗೆ ಎರಡು ಕೊನೆ. ತರಾಯ್ವಿನಿ ಬೈದರು, ಊರಿನವರು ನಕ್ಕರು, ನಗುತ್ತಲೇ ಬುಟ್ಟಿಗಟ್ಟಲೆ ಐಸ್ ಹೊತ್ತೊಯ್ದರು. ಒಂದು ವಾರ ಅವರು ಸುಮ್ಮನೆ ನೋಡಿದರು. ಆಮೇಲೆ ಒಂದು ಮಧ್ಯಾಹ್ನ ದಡಕ್ಕೆ ಬಂದ ದೋಣಿಗಳನ್ನು ಒಂದೊಂದಾಗಿ ಹತ್ತಿ, ಇಳಿದರು.

"ಒಂದೊಂದು ದೋಣೀಲೂ ಚೆನ್ನಾಗಿರೋ ಮೀನೇ ಎತ್ಕೊಂಡೆ. ಅವ್ರು ನಕ್ಕಿದ್ದಕ್ಕಿಂತ ಜೋರಾಗಿ ನಕ್ಕೆ. ಏನು ಅಂದಾರು? ನಂದೂ ಹಕ್ಕೇ ತಾನೆ? ಐಸು ಅಂದ್ರೆ ಕರಗೋ ದುಡ್ಡು ತಮ್ಮಾ. ಅದನ್ನ ಮೀನು ಮಾಡಿದ್ರೆ ಒಂಚೂರು ನಿಲ್ಲುತ್ತೆ. ಮೀನನ್ನ ಮೆಷಿನ್ ಮಾಡಿದ್ರೆ ವರ್ಷಗಟ್ಲೆ ನಿಲ್ಲುತ್ತೆ."

ಮೆಷಿನ್ ಎಂದಾಗ ಅವರ ದನಿ ಮೆತ್ತಗಾಗುತ್ತದೆ. ಐಸ್‌ಮನೆಯ ಹಳೆಯ ಕಂಪ್ರೆಸರ್ ಕೆಮ್ಮಿದರೆ ಮೂರು ದ್ವೀಪಗಳಾಚೆಯ ನಾಯಿಗಳು ಬೊಗಳುತ್ತಿದ್ದವು. ಹೊಸದು ತರಬೇಕಿತ್ತು. ಅಷ್ಟರಲ್ಲಿ ಪಟ್ಟಣದಿಂದ ಕರೆ ಬಂತು, ಮ್ಯಾನೇಜರುಗಳಿಗೆ ತರಬೇತಿ. ಮುಂದಾಳುತನ, ಹಣದ ಯೋಚನೆ, ಹೊತ್ತಿನ ಹೊಂದಾಣಿಕೆ. ತರಾಯ್ವಿನಿ ಮುಂದಿನ ಸಾಲಿನಲ್ಲೇ ಕೂತರು.

"ಕಲಿಸಿದ ಮೇಡಂ ಬಂಗಾರದಂಥವ್ರು. 'ನಿಮ್ಮ ಹೊತ್ತು ಎಲ್ಲಿ ಸೋರ್ತಿದೆ ಅಂತ ನೋಡ್ಕೊಳ್ಳಿ' ಅಂದ್ರು. ಊರಿಗೆ ಬಂದು ನೋಡ್ದೆ. ಬೇರೆಲ್ಲೂ ಅಲ್ಲ, ಐಸಿನ ಸಾಲಲ್ಲೇ ಸೋರ್ತಿತ್ತು. ಒಬ್ಬ ಬೈತಾನೆ, ನಾನು ತಿರುಗಿ ಬೈತೀನಿ, ಹಿಂದಿರೋನು ಅದಕ್ಕೊಂದು ಸೇರಿಸ್ತಾನೆ. ಅಷ್ಟೊತ್ತಿಗೆ ಉಬ್ಬರ ಇಳಿಯೋಕೆ ಶುರು. ಸರಿ, ತಮಾಷೆ ಬಂದ್ ಮಾಡ್ದೆ."

ಅದೇ ಅವರು ಮಾಡಿದ ತಪ್ಪು. ಸಮುದ್ರ ಉಬ್ಬಿದಾಗ ಮಾತ್ರ ದೋಣಿಗಳು ಹವಳದ ದಿಬ್ಬ ದಾಟಬಲ್ಲವು, ಇಳಿದರೆ ಒಳಗೇ ಬಂದಿ. ಹುಣ್ಣಿಮೆಯ ಉಬ್ಬರ ಬೆಳಗಿನ ಹೊತ್ತಿಗೇ ಬರುತ್ತದೆ. ಅದೇ ದಿನ ಸಂಜೆ ಮೀನು ಕೊಳ್ಳುವ ಹಡಗು ಬರುವುದು. ಅಂಥ ಒಂದು ಹುಣ್ಣಿಮೆಯ ಬೆಳಗ್ಗೆ ತರಾಯ್ವಿನಿ ಬಾಗಿಲು ತೆರೆದರೆ, ಸಾಲಿಲ್ಲ. ಗಂಡಸರೆಲ್ಲ ಮರಳ ಮೇಲೆ ಚಕ್ಕಳಮಕ್ಕಳ ಹಾಕಿ ತಲೆ ತಗ್ಗಿಸಿ ಕೂತಿದ್ದಾರೆ. ಅವರ ಮುಂದೆ, ಕ್ಷಮೆ ಕೇಳುವಾಗ ಒಪ್ಪಿಸುವ ಯಂಗೋನ ಬೇರಿನ ಕಟ್ಟು, ಆಳೆತ್ತರದ್ದು.

"ಅಕ್ಕಾ," ವಿಲಿಕೇಸ ತಲೆಯೆತ್ತದೆ ಕೇಳಿದ, "ನಮ್ಮಿಂದ ಏನು ತಪ್ಪಾಯ್ತು? ಮೂರು ದಿನ ಆಯ್ತು, ನೀನು ನನ್ನ ಒಂದ್ಸಲಾನೂ ಹಂದಿ ಅಂದಿಲ್ಲ."

ಕ್ಷಮೆಯ ಶಾಸ್ತ್ರವನ್ನು ನಡುವೆ ನಿಲ್ಲಿಸುವಂತಿಲ್ಲ. ಬೇರು ಒಪ್ಪಿಸಿ, ಮಾತು ಆಡಿ, ಚಪ್ಪಾಳೆ ತಟ್ಟಿ, ಅರೆದು, ಕಲಸಿ, ಕುಡಿದು, ಮತ್ತೆ ಚಪ್ಪಾಳೆ. ತರಾಯ್ವಿನಿ ಕಣ್ಣೊರೆಸಿಕೊಂಡು 'ಹಂದಿ' ಎಂದಾಗ ಎಲ್ಲರೂ ಉಸಿರು ಬಿಟ್ಟರು. ಸಮುದ್ರವೂ ಬಿಟ್ಟಿತ್ತು. ಹವಳ ಮೇಲೆ ಬಂದಿತ್ತು. ಪೆಟ್ಟಿಗೆಗಳ ಐಸ್ ನೀರಾಗಿ ಮರಳಿಗಿಳಿಯಿತು. ಸಂಜೆ ಬಂದ ಹಡಗು ಖಾಲಿ ಹೋಯಿತು.

ಲೊಸಾಲಿನಿ ಬೈಯಲಿಲ್ಲ. ಅದೇ ಹೆಚ್ಚು ನೋವಾಯಿತು ಎನ್ನುತ್ತಾರೆ ತರಾಯ್ವಿನಿ. "ಮುಂದಿನ ಹುಣ್ಣಿಮೆ ನೋಡೋಣ ಕಣೇ. ಅವತ್ತೂ ದೋಣಿ ದಾಟಲಿಲ್ಲ ಅಂದ್ರೆ ಹೊಸ ಮೆಷಿನ್ ಕನಸೇ. ಹಳೇದನ್ನ ರೆಸಾರ್ಟಿನೋರು ಕೇಳ್ತಾವ್ರೆ, ಕೊಟ್ಟುಬಿಡೋಣ." ಐಸ್‌ಮನೆ ಮುಚ್ಚಿದರೆ ಮೀನು ಮತ್ತೆ ಬಿಸಿಲಿಗೆ, ಊರು ಮತ್ತೆ ಹಿಂದಕ್ಕೆ.

ಆ ಇಡೀ ತಿಂಗಳು ತರಾಯ್ವಿನಿ ನಿದ್ದೆಯಲ್ಲೂ ಲೆಕ್ಕ ಹಾಕಿದರು. ಅವರ ಕನಸಿಗೆ ಉಬ್ಬರ ಬಂದು ಚಾಪೆಯ ತುದಿಯವರೆಗೆ ಏರಿ, 'ನಾನು ಕಾಯಲ್ಲ' ಎಂದು ಹೇಳಿ ಹೋಗುತ್ತಿತ್ತು. ಐಸ್ ಅವಸರಿಸದು. ಬೆಳಗಿನ ಪ್ರಾರ್ಥನೆ ಮೊಟಕುಗೊಳಿಸುವಂತಿಲ್ಲ, ಅದಕ್ಕೆ ಮುಂಚೆ ಯಾರೂ ದೋಣಿ ಮುಟ್ಟುವುದೂ ಇಲ್ಲ. ನಗು ನಿಲ್ಲಿಸಿದರೆ ಏನಾಗುತ್ತದೆಂದು ನೋಡಿಯಾಯಿತು.

"ನಗುಗೆ ಅರ್ಧ ಗಂಟೆ ಬೇಕೇ ಬೇಕು. ಅದು ಸೋರೋ ಹೊತ್ತಲ್ಲ, ಕೆಲಸದ ಹೊತ್ತೇ. ಡೀಸೆಲ್‌ಗೆ ಹೆಂಗೆ ಎತ್ತಿಡ್ತೀವೋ ಹಂಗೆ ಅದಕ್ಕೂ ಎತ್ತಿಡಬೇಕು ಅಂತ ಹೊಳೀತು."

ಎಲ್ಲಿಂದ ಎತ್ತಿಡುವುದು? ಸೂರ್ಯನಿಂದ!

ಹುಣ್ಣಿಮೆ ಬಂತು. ಪ್ರಾರ್ಥನೆಗೆ ಕರೆಯುವ ಚರ್ಚಿನ ಮರದ ಡೋಲು ಮೊಳಗಿತು. ಊರು ಎದ್ದಿತು, ಪ್ರಾರ್ಥಿಸಿತು, ದಡಕ್ಕೆ ಬಂತು. ಚಂದ್ರ ಪಡುವಣದಲ್ಲಿ ದೊಡ್ಡದಾಗಿ ತೇಲುತ್ತಿದ್ದ. ಐಸಿನ ಹೊಗೆಯೂ ಬೆಳದಿಂಗಳೂ ಬೆರೆತು ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ವಿಲಿಕೇಸ ಹೊಟ್ಟೆತುಂಬ ಬೈದ, ಹೊಟ್ಟೆತುಂಬ ಬೈಸಿಕೊಂಡ. ಎಲ್ಲ ಪೆಟ್ಟಿಗೆ ತುಂಬಿದರೂ ಮೂಡಣ ಇನ್ನೂ ಕಪ್ಪು. ದೋಣಿಗಳು ಸಾಲಾಗಿ, ಯಾರದೋ ಕನಸಿನೊಳಗೆ ಹೋಗುವ ಹಾಗೆ, ತುಂಬಿದ ನೀರಿನ ಮೇಲೆ ಸದ್ದಿಲ್ಲದೆ ಹವಳ ದಾಟಿದವು. ಕೊನೆಯದು ದಾಟಿದಾಗಲೇ ಸೂರ್ಯ ಎದ್ದ. ಸಂಜೆ ದೋಣಿಯಲ್ಲಿ ಮೀನಿಗೆ ಜಾಗ ಬಿಟ್ಟುಕೊಟ್ಟು ಬೆಸ್ತರು ಈಜಿಕೊಂಡು ಬಂದರು. ಹೊಸ ಕಂಪ್ರೆಸರ್ ಈಗ ಮೂಲೆಯಲ್ಲಿ ಬೆಕ್ಕಿನಂತೆ ಗುರುಗುಟ್ಟುತ್ತಿದೆ.

ಇಷ್ಟನ್ನು ಬರೆದು ಐಸ್‌ಮನೆಯ ಮೆಟ್ಟಿಲ ಮೇಲೆ ಓದಿ ಹೇಳಿದಾಗ ತರಾಯ್ವಿನಿ ಸಲಿಕೆ ಕೆಳಗಿಟ್ಟರು.

"ಸೂರ್ಯನ್ನ ನಾನು ಕೂರಿಸಿದ್ನಾ? ಅವತ್ತು ಡೋಲು ಬಡಿದೋನು ಯಾರು ತಮ್ಮಾ? ಅದ್ಯಾಕೆ ಬರೆದಿಲ್ಲ?"

ಸಿಕ್ಕಿಬಿದ್ದ ಮೇಲೆ ಏನು ಮಾಡುವುದು. ಬಡಿದವನು ಈ ಬರಹಗಾರನೇ, ಚರ್ಚಿನ ಪಕ್ಕದ ಮನೆಯವನು. ತರಾಯ್ವಿನಿ ಕೇಳಿಕೊಂಡರು, ಇವನು ಅರ್ಧ ಗಂಟೆ ಮುಂಚೆ ಬಡಿದ. ಸೂರ್ಯ ತನ್ನ ಹೊತ್ತಿಗೇ ಬಂದಿದ್ದ. ಯಾರೂ ಈಜಿಕೊಂಡು ಬರಲಿಲ್ಲ, ಮೀನು ಮಾತ್ರ ಚೆನ್ನಾಗಿ ಸಿಕ್ಕಿತ್ತು. ಆದರೂ ಇಡೀ ಊರಿಗೆ ಬೆಳಗಾಯಿತೆಂದು ನಂಬಿಸಿದ ಹೆಗ್ಗಳಿಕೆಯಾದರೂ ಇರಲಿ ಎಂದರೆ, ಸಾಲಿನಲ್ಲಿದ್ದ ವಿಲಿಕೇಸ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಂಬಿಸಿದ್ಯಾ? ನಕ್ಷತ್ರ ನೋಡಿ ದೋಣಿ ಬಿಡೋರು ನಾವು! ಕೋಳೀನೂ ಕೂಗಿರಲಿಲ್ಲ. ನಮ್ಮ ಪಾದ್ರಿ ಆಕಳಿಸ್ತಾ ಪ್ರಾರ್ಥನೆ ಮಾಡಿದ್ರು, ಅವ್ರಿಗೂ ಗೊತ್ತಿತ್ತು. ಅಕ್ಕ ಕರೀತಾವ್ಳೆ ಅಂತ ಗೊತ್ತಾಯ್ತು, ಎದ್ದು ಬಂದ್ವಿ. ಅಷ್ಟೇ."

ತರಾಯ್ವಿನಿಗೂ ಇದು ಹೊಸ ಸುದ್ದಿ. ಅವರು ಸಲಿಕೆ ಎತ್ತಿಕೊಂಡರು.

"ಸೂರ್ಯನ ವಿಷಯ ಹೊಡೆದುಹಾಕು ತಮ್ಮಾ. ಅವತ್ತು ನಾನು ಯಾರ ನಗೂನೂ ನಿಲ್ಲಿಸಲಿಲ್ಲ, ದೋಣೀನೂ ನಿಲ್ಲಲಿಲ್ಲ. ಅಷ್ಟು ಬರಿ, ಸಾಕು. ಏ ಹಂದಿ, ಪೆಟ್ಟಿಗೆ ಹಿಡಿ!"